ಕಾಲು ತೋಯದ ಹೊಳೆಗೆ ಶಾಯಿ ಇಲ್ಲ

ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಹೊಳೆ ಎಳೆಯುವ ಕೆಲಸ ಮಾಡಿದೆ. ಭೀಮಾ ನದಿ, ಅದಕ್ಕೆ ಬಂದು ಕೂಡುವ ಉಪನದಿಗಳು, ಆ ಉಪನದಿಗಳಿಗೆ ಬಂದು ಬೀಳುವ ಹಳ್ಳಗಳು, ಇಷ್ಟನ್ನೂ ನಕ್ಷೆಯ ಮೇಲೆ ನೀಲಿ ಶಾಯಿಯಲ್ಲಿ ಮೂಡಿಸುವುದು ನನ್ನ ಹೊಟ್ಟೆಪಾಡು. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. ನಮ್ಮತ್ತೆಯವರು ಮಾತ್ರ ನೆರೆಹೊರೆಯವರಿಗೆ, "ನಮ್ಮ ಸೊಸಿ ಗೆರಿ ಎಳೀಲಿಕ್ಕೆ ಹೋಗ್ಯಾಳ, ಸಂಜಿಕ್ಕ ಬರ್ತಾಳ" ಎಂದು ಹೇಳುತ್ತಿದ್ದರು. ಕೇಳಿದವರು ನಾನು ಎಲ್ಲೋ ರಂಗೋಲಿ ಹಾಕಲು ಹೋಗುತ್ತೇನೆ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಮೊನ್ನೆ ಅದೇ ಕಚೇರಿಗೆ ಹೊಸದಾಗಿ ಸೇರಿದ, ಧಾರವಾಡದ ಕಡೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ, "ಮೇಡಂ, ಒಂದು ಹೊಳಿ ಎಳೀಲಿಕ್ಕೆ ನಿಮಗ ತಿಂಗಳಾನುಗಟ್ಟಲೆ ಹಿಡೀತಿತ್ತಂತ, ಖರೇ ಏನ್ರಿ?" ಎಂದಳು. ಖರೇ. ಯಾಕೆ ಹಿಡಿಯುತ್ತಿತ್ತು ಎಂದು ನಾನು ಅರ್ಧ ಹೇಳುವಷ್ಟರಲ್ಲಿ ಅವಳ ಫೋನು ಬಂತು, ಎದ್ದು ಹೋದಳು. ಉಳಿದ ಅರ್ಧವನ್ನು ಅವಳಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಪುರಾಣದಿಂದ ಯಾರಿಗೂ ಉಪಯೋಗವಿಲ್ಲ. ಅದನ್ನು ಬಿಟ್ಟುಬಿಡುತ್ತೇನೆ.

ನಾನು ಹುಟ್ಟಿದ್ದು ಇಂಡಿ ತಾಲೂಕಿನಲ್ಲಿ, ಭೀಮೆಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಪುಣೆಗೆ ಬಂದೆ. ನಮ್ಮ ಮನೆಯವರು ಪುಣೆಯ ಕ್ಯಾಂಪ್ ಎಂಬ ಬಡಾವಣೆಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತೊಂಬತ್ತರ ದಶಕದ ಮೊದಲಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೋಣೆಯಲ್ಲಿ ಕಿಟಕಿಯ ಉದ್ದಕ್ಕೂ ಓರೆ ಮೇಜುಗಳಿದ್ದವು. ಮೇಜಿನ ಮೇಲೆ ಟ್ರೇಸಿಂಗ್ ಬಟ್ಟೆ, ಶಾಯಿ ಪೆನ್ನು, ತಪ್ಪಾದರೆ ಕೆರೆದು ತೆಗೆಯಲು ದಾಡಿ ಮಾಡುವ ಬ್ಲೇಡು. ಬೆವರಿನ ಒಂದು ಹನಿ ಬಿದ್ದರೆ ಒಂದು ಊರೇ ಕಲೆಸಿಹೋಗುತ್ತಿತ್ತು. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಬಟ್ಟೆ ಹಾರುತ್ತದೆ, ಹಾಕದಿದ್ದರೆ ಬೆವರು ಸುರಿಯುತ್ತದೆ. ಈ ಒಂದು ಜಗಳ ನಾನು ಸೇರುವ ಮೊದಲೇ ಶುರುವಾಗಿತ್ತು, ಕಂಪ್ಯೂಟರು ಬರುವ ತನಕ ಮುಗಿಯಲಿಲ್ಲ.

ಆ ಕೋಣೆಯ ಯಜಮಾನರು ಬಿರಾದಾರ ಸಾಹೇಬರು, ನಮ್ಮ ಹೆಡ್ ಡ್ರಾಫ್ಟ್ಸ್‌ಮನ್. ಅಚ್ಚ ಪುಣೇರಿ ಮರಾಠಿ ಮಾತಾಡುತ್ತಿದ್ದರು, ಹಾಗಾಗಿ ಅವರನ್ನು ಇಲ್ಲಿಯವರೇ ಎಂದುಕೊಂಡಿದ್ದೆ. ಮೊದಲ ವಾರ ನಾನು ಒಂದು ಹೊಳೆಯ ಗೆರೆಯನ್ನು ಸಂಗಮದಿಂದ ಶುರು ಮಾಡಿ ಉಗಮದ ಕಡೆ ಎಳೆಯುತ್ತಿದ್ದೆ. ಬೆನ್ನ ಹಿಂದಿನಿಂದ ಗುಡುಗು ಕೇಳಿಸಿತು.

"ಎಲ್ಲಿ ಕಲ್ತು ಬಂದೀರಿ ಇದನ್ನ? ನೀರು ಗುಡ್ಡ ಏರ್ತದೇನು?"

ಬೈಸಿಕೊಂಡೆ ಎಂಬುದು ತಲೆಗೇ ಹೋಗಲಿಲ್ಲ. ಕನ್ನಡ ಕಿವಿಗೆ ಬಿತ್ತಲ್ಲ ಎಂದು ನಕ್ಕುಬಿಟ್ಟೆ. ಸಾಹೇಬರು ಗಡಿಯ ಹತ್ತಿರದ ಅಕ್ಕಲಕೋಟದವರು. ಕೆಲಸ ಹೇಳುವುದು ಮರಾಠಿಯಲ್ಲಿ, ಸಿಟ್ಟು ಬಂದರೆ ತಾಯಿನುಡಿ. ನನ್ನಿಂದ ಅವರಿಗೆ ಸಿಟ್ಟು ಬರುವ ಸಂದರ್ಭಗಳು ಬೇಕಾದಷ್ಟಿದ್ದವು, ಅದರಿಂದ ನಮ್ಮಿಬ್ಬರ ಕನ್ನಡಕ್ಕೆ ಕೊರತೆಯಾಗಲಿಲ್ಲ.

ಅವರು ಕಲಿಸಿದ ಮೊದಲ ಪಾಠ ಇಷ್ಟು. ಹೊಳೆಯನ್ನು ಅದು ಹರಿಯುವ ದಿಕ್ಕಿನಲ್ಲೇ ಎಳೆಯಬೇಕು. ಉಗಮದಲ್ಲಿ ಕೂದಲಿನಷ್ಟು ತೆಳುವಾಗಿ ಶುರು ಮಾಡಿ, ಒಂದೊಂದು ಉಪನದಿ ಬಂದು ಕೂಡಿದ ಹಾಗೆ ಗೆರೆಯನ್ನು ಸ್ವಲ್ಪ ಸ್ವಲ್ಪ ದಪ್ಪ ಮಾಡುತ್ತ ಹೋಗಬೇಕು. ಭೀಮೆ ಭೀಮಾಶಂಕರದ ಕಾಡಿನಲ್ಲಿ ಹುಟ್ಟುತ್ತಾಳೆ. ಪಡುವಣ ಸಮುದ್ರ ಬೆನ್ನ ಹಿಂದೆಯೇ ಇದ್ದರೂ ಅದಕ್ಕೆ ಬೆನ್ನು ಕೊಟ್ಟು ಮೂಡಣಕ್ಕೆ ಹೊರಡುತ್ತಾಳೆ. ದಾರಿಯಲ್ಲಿ ಭಾಮಾ ಕೂಡುತ್ತದೆ, ತುಳಾಪುರದಲ್ಲಿ ಇಂದ್ರಾಯಣಿ ಕೂಡುತ್ತದೆ. ಇತ್ತ ಪವನಾ ಬಂದು ಮುಳಾಕ್ಕೆ, ಮುಳಾ ಬಂದು ಪುಣೆಯಲ್ಲಿ ಮುಠಾಕ್ಕೆ ಸೇರಿ, ಎರಡೂ ಒಂದೇ ಹೆಸರಿನಲ್ಲಿ ಮುಂದೆ ಹೋಗಿ ಭೀಮೆಯ ಮಡಿಲಿಗೆ ಬೀಳುತ್ತವೆ. ಆಮೇಲೆ ಕುಕಡಿಯನ್ನು ಕಟ್ಟಿಕೊಂಡು ಘೋಡ, ಕರ್ಹಾವನ್ನು ಕಟ್ಟಿಕೊಂಡು ನೀರಾ. ಪಂಢರಪುರದಲ್ಲಿ ಬಿಲ್ಲಿನ ಹಾಗೆ ಬಾಗಿ ಚಂದ್ರಭಾಗಾ ಎಂದು ಕರೆಸಿಕೊಳ್ಳುತ್ತಾಳೆ. ಗಡಿಯ ಹತ್ತಿರ ಸೀನಾ. ನಮ್ಮ ನಾಡಿಗೆ ಬಂದ ಮೇಲೆ ಕಾಗಿಣಾ. ಕೊನೆಗೆ ರಾಯಚೂರಿನ ಕಡೆ ಕೃಷ್ಣೆ. ಶಾಲೆಯಲ್ಲಿ ಈ ಹೆಸರುಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಸಾಹೇಬರ ಕೈಯಲ್ಲಿ ಅವು ಒಂದು ದೊಡ್ಡ ಮನೆತನದ ಹೆಣ್ಣುಮಕ್ಕಳ ಹಾಗೆ ಪರಿಚಯವಾದವು. ಯಾರು ಎಲ್ಲಿ ಹುಟ್ಟಿದರು, ಎಲ್ಲಿ ಸೇರಿದರು, ಯಾರು ತುಂಬಿದವಳು, ಯಾರು ಬಡವಿ.

ಇನ್ನು ಅವರ ಪದ್ಧತಿ. ಅದು ಯಾವ ಸರಕಾರಿ ನಿಯಮದಲ್ಲೂ ಇರಲಿಲ್ಲ, ಪುಣೆಯ ಬೇರೆ ಯಾವ ಕಚೇರಿಯಲ್ಲೂ ಇತ್ತೆಂದು ನಾನು ಕೇಳಿಲ್ಲ. ಹೊಳೆಯನ್ನು ಪೆನ್ಸಿಲಿನಲ್ಲಿ ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಅದರ ಮೇಲೆ ಶಾಯಿ ಬೀಳಬೇಕಾದರೆ ಎಳೆಯುವವರು ಆ ಹೊಳೆಗೆ ಹೋಗಿ, ಅದರೊಳಗೆ ನಿಂತು ಬರಬೇಕು. "ಕಾಲು ತೋಯದ ಹೊಳಿಗೆ ಶಾಯಿ ಇಲ್ಲ" ಎನ್ನುತ್ತಿದ್ದರು. ಮರಳಿ ಬಂದವರಿಗೆ ಒಂದೇ ಪ್ರಶ್ನೆ: ಎರಡು ಹೊಳೆ ಕೂಡುವಲ್ಲಿ ಯಾವ ನೀರು ತಣ್ಣಗಿತ್ತು?

ನನ್ನ ಪಾಲಿಗೆ ಮೊದಲು ಬಂದದ್ದು ಇಂದ್ರಾಯಣಿ. ಭಾನುವಾರ ನಮ್ಮ ಮನೆಯವರನ್ನು ಎಬ್ಬಿಸಿ, ರೊಟ್ಟಿ ಕಟ್ಟಿಕೊಂಡು ಎಸ್.ಟಿ. ಬಸ್ಸಿನಲ್ಲಿ ತುಳಾಪುರಕ್ಕೆ ಹೋದೆವು. "ಮಂದಿ ಹೆಂಡ್ತಿ ಕರಕೊಂಡು ಸಿನಿಮಾಕ್ಕ ಹೋಗ್ತಾರ, ನನ್ನ ಹಣೇಬಾರ ನೋಡು" ಎಂದು ಅವರು ದಾರಿಯುದ್ದಕ್ಕೂ ಗೊಣಗಿದರು. ನೀರಿಗೆ ಇಳಿದ ಮೇಲೆ ಮಾತ್ರ ಹೊರಗೆ ಬರಲು ಒಪ್ಪಲಿಲ್ಲ. ಎಡಗಾಲು ಒಂದು ನದಿಯಲ್ಲಿ, ಬಲಗಾಲು ಇನ್ನೊಂದರಲ್ಲಿ ಇಟ್ಟು ನಿಂತೆ. ಸೋಮವಾರ ಸಾಹೇಬರು ಕೇಳಿದರು.

"ಭೀಮಾ ತಣ್ಣಗಿತ್ರಿ" ಎಂದೆ.

"ಯಾಕ?"

"ಅದು ಗೊತ್ತಾಗಲಿಲ್ರಿ."

"ಗೊತ್ತಿಲ್ಲ ಅಂದ್ರಲ್ಲ, ಛಲೋ ಆತು. ಹೋಗದವರು ಕಾರಣಾನೂ ಕಟ್ಟಿ ಹೇಳ್ತಾರ. ಹೋಗಿದ್ದು ಖರೇ ಅದ. ಶಾಯಿ ಹಾಕ್ರಿ."

ಭಾಮಾಕ್ಕೆ ಹೋಗಲು ಚಾಕಣದಲ್ಲಿ ಇಳಿಯಬೇಕು. ಆಗ ಅಲ್ಲಿ ಇಷ್ಟೊಂದು ಕಾರ್ಖಾನೆಗಳಿರಲಿಲ್ಲ. ಉಳ್ಳಾಗಡ್ಡಿ ಚೀಲ ಹೇರಿದ ಲಾರಿಗಳ ಸಾಲು, ಅದರಾಚೆ ಬರೀ ಹೊಲ. ಆ ಊರು ಎರಡು ಹೊಳೆಗಳ ನಡುವೆ ಕೂತಿದೆ, ಬಡಗಣಕ್ಕೆ ಭಾಮಾ, ತೆಂಕಣಕ್ಕೆ ಇಂದ್ರಾಯಣಿ. ಈಗ ಅಲ್ಲಿ ಕೆಲಸ ಮಾಡುವ ಎಷ್ಟು ಜನ ಆ ಎರಡನ್ನೂ ನೋಡಿದ್ದಾರೋ ತಿಳಿಯದು.

ನಮ್ಮ ಜತೆಗಾರ ಕಾಳೆಗೆ ಈ ಪದ್ಧತಿ ಎಂದರೆ ಮೈಯೆಲ್ಲ ಉರಿ. ಅವನಿಗೆ ದಾಪೋಡಿಯ ಸಂಗಮ ಬಿದ್ದಿತ್ತು, ಪವನಾ ಮತ್ತು ಮುಳಾ ಕೂಡುವ ಜಾಗ, ಅವನ ಮನೆಯ ಬಸ್ಸು ಅದೇ ಸೇತುವೆಯ ಮೇಲೆ ಹೋಗುತ್ತಿತ್ತು. ಸೇತುವೆಯ ಮೇಲಿಂದ ನೋಡಿದರೆ ಆಗದೇ ಎಂದುಕೊಂಡು, ಮರುದಿನ ಬಂದು ಪವನಾ ಭಾರೀ ತಂಪಾಗಿತ್ತು ಎಂದು ಗಟ್ಟಿಯಾಗಿ ಹೇಳಿದ. ಸಾಹೇಬರು ಅವನ ಹತ್ತಿರ ಬಂದು ಮೂಗು ಅರಳಿಸಿ ಒಮ್ಮೆ ಮೂಸಿದರು. ಆ ಬೇಸಿಗೆಯಲ್ಲಿ ಅಲ್ಲಿ ನೀರಿನ ಮೇಲೆಲ್ಲ ಅಂತರಗಂಗೆ ಹಬ್ಬಿ ಕೊಳೆತಿತ್ತು. ಇಳಿದವರ ಕಾಲಿನ ವಾಸನೆ ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. "ಈ ಮನುಷ್ಯನ ಮೈಯಿಂದ ಪೌಡರಿನ ವಾಸನೆ ಬರುತ್ತಿದೆ" ಎಂದು ಮರಾಠಿಯಲ್ಲಿ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು. ಕಾಳೆ ಮರುದಿನ ನಿಜವಾಗಿ ಇಳಿದು, ತೊಳೆಯದೆ ಹಾಗೇ ಕಚೇರಿಗೆ ಬಂದು ಸೇಡು ತೀರಿಸಿಕೊಂಡ. ಅವತ್ತು ಫ್ಯಾನಿನ ಬಗ್ಗೆ ಯಾರೂ ಜಗಳ ಮಾಡಲಿಲ್ಲ.

ಆದರೆ ನನಗೆ ನಿಜವಾದ ವಿದ್ಯೆ ಕಲಿಸಿದ್ದು ಕರ್ಹಾ. ಸಾಸವಡದ ಕಡೆಯಿಂದ ಬರುವ ಬಡ ಹೊಳೆ ಅದು. ನಾನು ಹೋದದ್ದು ಬಿರುಬೇಸಿಗೆಯಲ್ಲಿ. ಹೊಳೆಯ ತುಂಬ ಉಸುಕು, ನಡುವೆ ಎತ್ತಿನ ಗಾಡಿಯ ಜಾಡು, ಒಂದು ಹನಿ ನೀರಿಲ್ಲ. ಬಂದು, "ಕಾಲು ತೋಯಲಿಲ್ರಿ ಸಾಹೇಬ್ರ, ಸುಟ್ಟವು" ಎಂದೆ.

"ಹಂಗಾದ್ರ ಮಳಿಗಾಲದಾಗ ಮತ್ತ ಹೋಗ್ರಿ."

ಮಳೆಗಾಲದಲ್ಲಿ ಹೋದೆ. ಗಾಡಿಯ ಜಾಡಿದ್ದ ಕಡೆ ಸೊಂಟದವರೆಗೆ ಕೆಂಪು ನೀರು. ಆಗ ಸಾಹೇಬರು ತುಂಡು ಗೆರೆ ಹಾಕುವುದನ್ನು ಕಲಿಸಿದರು. ವರ್ಷವಿಡೀ ಹರಿಯುವ ಹೊಳೆಗೆ ನೀಲಿಯ ಅಖಂಡ ಗೆರೆ. ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ನೀಲಿಯಲ್ಲೇ ಬಿಟ್ಟು ಬಿಟ್ಟು ಹಾಕಿದ ತುಂಡು ಗೆರೆ. "ಒಣಗಿದ್ದು ಸತ್ತಿಲ್ಲ, ಊರಿಗೆ ಹೋಗ್ಯದ ಅಂತ ತಿಳೀರಿ. ಮನೀ ಬಾಗಿಲು ಅದರದ ಇರ್ತದ" ಎಂದರು.

ಒಂದು ವಿಷಯಕ್ಕೆ ಮಾತ್ರ ನಾನು ಅವರೊಡನೆ ಮುನಿಸಿಕೊಂಡಿದ್ದೆ. ನಮ್ಮ ಕಚೇರಿಯ ನಕ್ಷೆ ರಾಜ್ಯದ ಗಡಿಗೆ ಮುಗಿಯುತ್ತಿತ್ತು. ಸೀನಾ ಕೂಡಿ, ಹೊಳೆ ಇಷ್ಟು ದಪ್ಪಗಾಗಿ, ಇನ್ನೇನು ನನ್ನ ತವರು ಬರಬೇಕು ಎನ್ನುವಷ್ಟರಲ್ಲಿ ಕಾಗದವೇ ಮುಗಿದು, ಅಂಚಿನಲ್ಲಿ ಒಂದು ಬಾಣದ ಗುರುತು. ನಾನು ಈಜು ಕಲಿತ ಜಾಗಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ. ಇದು ಅನ್ಯಾಯ ಎಂದು ಒಮ್ಮೆ ಹೇಳಿಯೇಬಿಟ್ಟೆ. "ಕಾಗದ ಸರಕಾರದ್ದು ಬಾಯಾರ. ಬಾಣ ನೆಟ್ಟಗ ಹಾಕ್ರಿ, ನಿಮ್ಮ ಊರಿಗೆ ಮುಟ್ತದ" ಎಂದರು. ಆ ಬಾಣವನ್ನು ನಾನು ಹಾಕಿದಷ್ಟು ಶ್ರದ್ಧೆಯಿಂದ ಯಾರೂ ಹಾಕಿರಲಿಕ್ಕಿಲ್ಲ.

ಸಾಹೇಬರು ನಿವೃತ್ತರಾದರು. ಅವರ ಹಿಂದೆಯೇ ಓರೆ ಮೇಜುಗಳೂ ಹೋದವು. ಕಂಪ್ಯೂಟರುಗಳು ಬಂದವು, ಅವುಗಳ ಜತೆ ಏಸಿ ಬಂತು, ನಮಗೆ ಜಗಳವಾಡಲು ವಿಷಯವೇ ಇಲ್ಲದಾಯಿತು. ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟರು. ನಮ್ಮಲ್ಲಿ ಅದನ್ನು ನೋಡಿಕೊಳ್ಳಲು ತುಮಕೂರಿನ ರಶ್ಮಿ ಎಂಬ ಹುಡುಗಿ ಇಂಜಿನಿಯರಾಗಿ ಬಂದಳು. ಇಲಿಯನ್ನು ಹೇಗೆ ಹಿಡಿಯಬೇಕೆಂದು ನನಗೆ ಕಲಿಸಿದವಳು ಅವಳೇ, ಕಂಪ್ಯೂಟರಿನ ಇಲಿ. ನನ್ನ ಕೈ ಒಂದು ಕಡೆ ಹೋದರೆ ಪರದೆಯ ಮೇಲಿನ ಹೊಳೆ ಇನ್ನೊಂದು ಕಡೆ ಹೋಗುತ್ತಿತ್ತು. "ಪರ್ವಾಗಿಲ್ಲ ಮೇಡಂ, ಬ್ಲೇಡ್ ಬೇಡ, ಒಂದು ಬಟನ್ ಒತ್ತಿದ್ರೆ ಅಳಿಸೋಗುತ್ತೆ" ಎಂದು ಅವಳು ನಗುತ್ತಿದ್ದಳು. ಹೊಸ ವಿಧಾನವನ್ನು ನಾನು ಬೈಯುವುದಿಲ್ಲ. ಕಣ್ಣು ಮಂಜಾಗುವ ವಯಸ್ಸಿನಲ್ಲಿ ಹೊಳೆಯನ್ನು ಬೇಕಾದಷ್ಟು ದೊಡ್ಡದು ಮಾಡಿ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಅದರಿಂದಲೇ.

ಈಗ ಪುಣೆಯ ತೆಂಕಣ ಅಂಚಿನಲ್ಲಿರುವ ಕಾತ್ರಜದ ಪ್ರಸಂಗಕ್ಕೆ ಬರುತ್ತೇನೆ.

ಬೈಲಹೊಂಗಲದ ಬಸಲಿಂಗಣ್ಣ ನಮ್ಮ ಮನೆಯವರ ಗೆಳೆಯ, ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಕ್ಯಾಂಪಿನ ಬಟ್ಟೆ ಅಂಗಡಿಯಲ್ಲಿ ದೊಡ್ಡ ಗುಮಾಸ್ತ, ಅಲ್ಲೇ ಹಿಂದಿನ ಓಣಿಯಲ್ಲಿ ಒಂದೇ ಖೋಲಿಯಲ್ಲಿ ಸಂಸಾರ. ಸ್ವಂತ ಮನೆ ಕಟ್ಟಬೇಕು, ಅದೂ ಕಾತ್ರಜದಲ್ಲೇ ಕಟ್ಟಬೇಕು ಎಂಬುದು ಅವನ ಬಹುಕಾಲದ ಆಸೆ. ಯಾಕೆಂದು ಕೇಳಿದರೆ, "ನಮ್ಮ ಊರ ಬಸ್ಸೆಲ್ಲಾ ಅಲ್ಲಿಂದನ ಹೊಕ್ಕಾವ್ರಿ ವೈನಿ. ಮುಂಜಾನೆದ್ದು ಒಂದು ಬೆಳಗಾವಿ ಬಸ್ಸು ಕಣ್ಣಿಗೆ ಬಿತ್ತಂದ್ರ ಸಾಕು, ದಿವಸ ಛಲೋ ಹೊಕ್ಕತಿ" ಎನ್ನುತ್ತಿದ್ದ. ನಮ್ಮ ಕಡೆಯ ಒಂದಷ್ಟು ಮನೆತನಗಳು ಸೇರಿ ಸೊಸೈಟಿ ಮಾಡಿಕೊಂಡು, ಘಾಟಿಗೆ ಈಚೆ, ಗುಡ್ಡದ ಬುಡದಲ್ಲಿ ಜಾಗ ಹಿಡಿದರು. ಎಲ್ಲಕ್ಕೂ ಓಡಾಡಿದವನು ಬಸಲಿಂಗಣ್ಣ. ಮಳೆಗಾಲಕ್ಕೆ ಮುಂಚೆ ಪಾಯಾ ಪೂಜೆ ಎಂದು ಮುಹೂರ್ತವೂ ಆಯಿತು.

ಒಂದು ಸಂಜೆ ಅವನು ಪ್ಲಾಟುಗಳ ನಕ್ಷೆ ಹಿಡಿದು ಮನೆಗೆ ಬಂದ. "ಇದನ್ನ ದೊಡ್ಡದಾಗಿ, ಚಂದಂಗ ಬರದು ಕೊಡ್ರಿ ವೈನಿ. ಪೂಜಾದ ದಿವಸ ಹಂದರದಾಗ ತೂಗಹಾಕತೇವಿ." ತನ್ನ ಪ್ಲಾಟಿನ ಮೇಲೆ ಬೆರಳಿಟ್ಟು ತೋರಿಸಿದ. ನಡುವೆ ರಸ್ತೆ, ಎರಡೂ ಕಡೆ ಮನೆಗಳು, ರಸ್ತೆ ಹೊರಳುವಲ್ಲಿ ಎಲ್ಲಕ್ಕಿಂತ ಕೆಳಗೆ ಬಸಲಿಂಗಣ್ಣನದು. ರಸ್ತೆ ಹೊಸದಲ್ಲ, ಹಳೆಯ ದಾರಿಯೇ ಇತ್ತು, ಅದನ್ನೇ ಅಗಲ ಮಾಡುತ್ತೇವೆ ಎಂದ.

ನಾನು ನೋಡುತ್ತ ಕೂತೆ. ಆ ದಾರಿ ನನಗೆ ದಾರಿಯಂತೆ ಕಾಣಲಿಲ್ಲ. ದಾರಿ ಎಂದರೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗಬೇಕು. ಇದು ಗುಡ್ಡದ ಬುಡದಲ್ಲಿ, ಊರಿಲ್ಲದ ಗುಡಿಯಿಲ್ಲದ ಕಡೆ ಸುಮ್ಮನೆ ಶುರುವಾಗಿತ್ತು. ಸ್ವಲ್ಪ ಕೆಳಗೆ ಬಂದ ಮೇಲೆ ಎಡದಿಂದ ಒಂದು ಸಣ್ಣ ದಾರಿ, ಇನ್ನಷ್ಟು ಕೆಳಗೆ ಬಲದಿಂದ ಒಂದು ಬಂದು ಇದಕ್ಕೆ ಸೇರುತ್ತಿದ್ದವು. ಎರಡೂ ಕೆಳಮುಖವಾಗಿ ಓರೆಯಾಗಿ, ಟೊಂಗೆಗಳು ಬೊಡ್ಡೆಗೆ ಕೂಡುವ ಹಾಗೆ ಕೂಡಿದ್ದವು. ದಾರಿಗಳು ಅಡ್ಡ ಹಾಯುತ್ತವೆ, ಒಂದನ್ನೊಂದು ಕತ್ತರಿಸಿ ಮುಂದೆ ಹೋಗುತ್ತವೆ. ಈ ರೀತಿ ಕೂಡುವುದು ಹೊಳೆಗಳು. ಇಂದ್ರಾಯಣಿ ಭೀಮೆಗೆ ಕೂಡಿದ್ದು ಹೀಗೆ, ಕರ್ಹಾ ನೀರಾಕ್ಕೆ ಕೂಡಿದ್ದು ಹೀಗೆ. ಅಷ್ಟು ವರ್ಷ ಕೈ ಅದನ್ನೇ ಎಳೆದಿತ್ತು, ಕೈಗೆ ಗುರುತು ಸಿಕ್ಕಿಬಿಟ್ಟಿತು.

"ಬಸಲಿಂಗಣ್ಣ, ಇದು ಹಳ್ಳ ಇದ್ರೂ ಇರಬಹುದು" ಎಂದೆ.

ಅವನ ಮುಖ ಬಿದ್ದುಹೋಯಿತು. "ಮುಹೂರ್ತ ಇಟ್ಟ ಮನಿಗೆ ಹಂಗ ಅನಬ್ಯಾಡ್ರಿ ವೈನಿ. ಆ ಹಾದ್ಯಾಗ ನಾನ ಸ್ಕೂಟರ್ ಹೊಡದೇನಿ" ಎಂದು ನಕ್ಷೆ ಸುತ್ತಿಕೊಂಡು ಚಹಾ ಕುಡಿಯದೆ ಹೋದ.

ಮರುದಿನ ರಶ್ಮಿಯನ್ನು ಕೇಳಿದೆ. ಅವಳು ಪರದೆಯ ಮೇಲೆ ಆ ಜಾಗ ತೆಗೆದಳು. "ಮೇಡಂ, ಇದು ದಾರಿ ಅಂತಾನೇ ಇದೆ. ಆದ್ರೆ ಗುತ್ತಿಗೆಯವ್ರು ಇದನ್ನ ಏರ್ಸಿರೋದು ಅಮೋನಿಯಾ ಪ್ರಿಂಟ್ ನೋಡ್ಕೊಂಡು." ನನಗೆ ಅಷ್ಟು ಸಾಕಾಯಿತು. ನಮ್ಮ ಕಾಲದಲ್ಲಿ ಮೂಲ ನಕ್ಷೆಯಿಂದ ಅಮೋನಿಯಾದಲ್ಲಿ ಪ್ರತಿ ತೆಗೆಯುತ್ತಿದ್ದೆವು. ಆ ಪ್ರತಿಗಳಿಗೆ ಒಂದೇ ಬಣ್ಣ. ಒಣ ಹಳ್ಳಕ್ಕೆ ನೀಲಿ ತುಂಡು ಗೆರೆ, ಕಾಲುದಾರಿಗೆ ಕಪ್ಪು ತುಂಡು ಗೆರೆ. ಬಣ್ಣ ಹೋಯಿತೆಂದರೆ ಎರಡೂ ಅವಳಿ ಜವಳಿ. ನಕ್ಷೆ ಬರೆಯುವವರ ಲೋಕದಲ್ಲಿ ಮಾತ್ರ ಹೀಗೆ ಒಂದು ಹಳ್ಳ ರಸ್ತೆಯಾಗಿಬಿಡಬಹುದು. ಲೇಔಟ್ ಮಾಡಿದವರು ಅದನ್ನು ನಂಬಿದ್ದರು, ಅವರದೇನು ತಪ್ಪು? ಮೂಲ ನಕ್ಷೆ ಒಂದು ಮಳೆಗಾಲದಲ್ಲಿ ಸೋರಿದ ಕಪಾಟಿನಲ್ಲಿ ಕೊಳೆತು ಹೋಗಿತ್ತು. ಹಳ್ಳ ಎಂದು ಹೇಳಲು ನನ್ನ ಕೈಯಲ್ಲಿ ಆಧಾರವಿರಲಿಲ್ಲ, ದಾರಿ ಎಂದು ಹೇಳಲೂ ಇರಲಿಲ್ಲ.

ಆ ನಕ್ಷೆಗೆ ಶಾಯಿ ಹಾಕಿದವರು ತಾರುಣ್ಯದ ಬಿರಾದಾರ ಸಾಹೇಬರೇ ಎಂಬುದು ನನಗೆ ಗೊತ್ತಿತ್ತು. ಅವರ ಮನೆಗೆ ಓಡಿದೆ. ಮೊಣಕಾಲು ನೋವಿನಿಂದ ಕುರ್ಚಿ ಬಿಟ್ಟು ಏಳುವುದೇ ಕಷ್ಟವಾಗಿತ್ತು ಅವರಿಗೆ. ಎಲ್ಲ ಕೇಳಿಸಿಕೊಂಡರು.

"ಹಳ್ಳ ಅಂತ ಅನಸ್ತದ. ಆದ್ರ ನೆನಪಿನ ಮ್ಯಾಲೆ ಶಾಯಿ ಹಾಕಬಾರದು ಬಾಯಾರ. ರಿಕ್ಷಾ ಕರೀರಿ, ಹ್ವಾಗೂಣು."

ರಶ್ಮಿಯೂ ಬಂದಳು. ನಾವು ಹೇಳಿಕಳಿಸಿದ್ದರಿಂದ ಬಸಲಿಂಗಣ್ಣ ಮೊದಲೇ ಜಾಗಕ್ಕೆ ಬಂದು ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಸಾಹೇಬರು ಚಪ್ಪಲಿ ಬಿಟ್ಟು ಆ ಕಾದ ನೆಲದ ಮೇಲೆ ಮೆಲ್ಲಗೆ ನಡೆದರು. ನೀರು ಉರುಳಿಸಿ ತಂದಂಥ ದುಂಡನೆಯ ಕಲ್ಲುಗಳಿದ್ದವು, ಆದರೆ ಸೈಕಲ್ಲಿನ ಗುರುತುಗಳೂ ಇದ್ದವು. ಎಮ್ಮೆ ಮೇಯಿಸುತ್ತಿದ್ದ ಒಬ್ಬನನ್ನು ಮರಾಠಿಯಲ್ಲಿ ಕೇಳಿದರೆ, ಇದು ದಾರಿಯೇ ಎಂದ. ಮಳೆಗಾಲದಲ್ಲಿ? ಎಂದದ್ದಕ್ಕೆ, ಮಳೆಗಾಲದಲ್ಲಿ ಈ ಕಡೆ ಯಾರು ಸಾಯಲಿಕ್ಕೆ ಬರುತ್ತಾರೆ ಎಂದ.

"ನೋಡ್ರಿ ತಮ್ಮಾ, ಮಳಿ ಆಗೂತನಕ ತಡೀರಿ" ಎಂದರು ಸಾಹೇಬರು ಬಸಲಿಂಗಣ್ಣನಿಗೆ.

"ಸೊಸೈಟಿ ಮಂದಿಗೆ ನಾ ಏನ್ ಹೇಳ್ಲಿ ಸರ? ಮುಹೂರ್ತ ಮುಂದ ಹಾಕಿದ್ರ ಮತ್ತ ನನ್ನ ಮಾತಿಗೆ ಕಿಮ್ಮತ್ತು ಉಳೀತದನ? ಹಳ್ಳ ಬರಲಿಲ್ಲ ಅಂದ್ರ?"

"ಬರಲಿಲ್ಲಂದ್ರ ನಿಮ್ಮ ಪಾಯಾದ ಮೊದಲನೇ ಬುಟ್ಟಿ ಮಣ್ಣು ನಾ ಹೊರ್ತೀನಿ."

ಆ ಮೊಣಕಾಲುಗಳನ್ನು ನೋಡಿ ಬಸಲಿಂಗಣ್ಣ ಹೂಂ ಎಂದ. ಮುಹೂರ್ತ ಮುಂದೆ ಹಾಕಿಸಿದ. ಅದಕ್ಕಾಗಿ ಅವನು ಯಾರ ಯಾರ ಬಾಯಿಗೆ ಬಿದ್ದನೋ ನನಗೆ ಪೂರ್ತಿ ಹೇಳಲಿಲ್ಲ.

ಮೊದಲ ಮಳೆ ಬಂತು. ಹಳ್ಳ ಬರಲಿಲ್ಲ. ಬಾಯಾರಿದ ನೆಲ ಎಲ್ಲವನ್ನೂ ಕುಡಿದುಬಿಟ್ಟಿತು. ಇನ್ನೊಂದು ಮಳೆ ಬಂತು, ಆಗಲೂ ಬರೀ ಕೆಸರು. ಕ್ಯಾಂಪಿನಲ್ಲಿ ನಮ್ಮ ಕಡೆಯವರ ಮದುವೆಗೆ ಹೋದರೆ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. "ಅಕಿನ ಅಲ್ಲೇನು, ಹಾದಿನ್ನ ಹಳ್ಳ ಅಂದಾಕಿ" ಎಂದು ಒಬ್ಬಾಕೆ ಅಂದದ್ದು ನನಗೆ ಕೇಳಿಸಿತು. ನಾನು ಹೇಳಿದ್ದು ನಿಜವಾಗಲಿ ಎಂದು ಬೇಡಿಕೊಳ್ಳಲೋ, ಸುಳ್ಳಾಗಲಿ ಎಂದು ಬೇಡಿಕೊಳ್ಳಲೋ? ಸುಳ್ಳಾದರೆ ನನ್ನ ಮಾನ ಹೋಗುತ್ತದೆ, ನಿಜವಾದರೆ ಬಸಲಿಂಗಣ್ಣನ ಮನೆ ಹೋಗುತ್ತದೆ.

ಆಮೇಲೆ ಗುಡ್ಡದ ಮೇಲೆ ನಿಂತು ಸುರಿಯುವ ಮಳೆ ಶುರುವಾಯಿತು. ಒಂದು ಮುಂಜಾನೆ ಫೋನು ಬಂತು. "ವೈನಿ, ಬರ್ರಿ" ಎಂದ ಬಸಲಿಂಗಣ್ಣ. ಅಷ್ಟೇ.

ನಾನು, ರಶ್ಮಿ, ಸಾಹೇಬರು ಹೋದೆವು. ಅವನು ಸ್ಕೂಟರ್ ಹೊಡೆದಿದ್ದ ದಾರಿ ಇರಲಿಲ್ಲ. ಅದರ ಅಗಲಕ್ಕೂ ಕೆಂಪು ನೀರು, ಗುಡ್ಡದಿಂದ ಕಲ್ಲು ಉರುಳಿಸಿಕೊಂಡು ಭೋರೆಂದು ಬರುತ್ತಿತ್ತು. ಎಡದ ಸಣ್ಣ ದಾರಿಯೂ ಹರಿಯುತ್ತಿತ್ತು, ಬಲದ್ದೂ ಹರಿಯುತ್ತಿತ್ತು. ಎಲ್ಲ ಕೂಡಿ ಕೆಳಗೆ ಹೋಗಿ, ಬಸಲಿಂಗಣ್ಣನ ಪ್ಲಾಟಿಗೆ ಬಡಿದು, ಅದರ ಮೇಲೆಯೇ ಹೊರಳುತ್ತಿತ್ತು. ಅವನು ಮಳೆಯಲ್ಲಿ ಕೊಡೆಯಿಲ್ಲದೆ ನಿಂತಿದ್ದ.

"ಅಲ್ಲಿ, ನೀರು ಸುತ್ತಾಕತ್ತೈತಲ್ರಿ ವೈನಿ, ಅಲ್ಲೇ ಹುಡುಗೂರು ಮಲಗೂ ಖೋಲಿ ಮಾಡಬೇಕಂತಿದ್ದೆ" ಎಂದ. ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದು ಸಾಹೇಬರ ಕಡೆ ಕೈ ತೋರಿಸಿದೆ. ಸಾಹೇಬರಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಧೋತರ ಎತ್ತಿ ಕಟ್ಟಿ, ಬಸಲಿಂಗಣ್ಣನ ಹೆಗಲು ಹಿಡಿದು, ಎಡದ ಹಳ್ಳ ಬಂದು ಕೂಡುವ ಅಂಚಿನಲ್ಲಿ ಆಗಲೇ ನೀರಿಗೆ ಇಳಿಯುತ್ತಿದ್ದರು. ನಾವೂ ಇಳಿದೆವು. ರಶ್ಮಿ ಜೀನ್ಸ್ ಮಡಿಚಿಕೊಂಡು ಎರಡೂ ನೀರಿಗೆ ಒಂದೊಂದು ಕಾಲಿಟ್ಟು ನಿಂತಳು.

"ಹೇಳವ್ವ, ಯಾವ ನೀರು ತಣ್ಣಗದ?" ಎಂದರು ಸಾಹೇಬರು.

"ಎಡಗಡೆದು ಸರ್."

"ಯಾಕ?"

"ಗೊತ್ತಿಲ್ಲ ಸರ್."

ನಾನೂ ಸಾಹೇಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ನನಗೆ ನಗುವಿನ ಜತೆ ಕಣ್ಣೀರೂ ಬಂತು, ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಸೋಮವಾರ ರಶ್ಮಿ ಕಂಪ್ಯೂಟರಿನ ಮುಂದೆ ಕೂತು ಆ ಗೆರೆಯನ್ನು ಹಿಡಿದಳು. ಒಂದು ಬಟನ್ ಒತ್ತಿದರೆ ರಸ್ತೆ ಹೋಗಿ ಹಳ್ಳವಾಗುತ್ತಿತ್ತು. ಒತ್ತಲಿಲ್ಲ. ಹಿಂದೆ ತಿರುಗಿ, "ಮೇಡಂ, ನನ್ ಕಾಲೂ ತೋಯ್ದಿದೆ ಅಲ್ವಾ? ಈಗ ಶಾಯಿ ಹಾಕ್ಲಾ?" ಎಂದಳು.

"ಹಾಕವ್ವ" ಎಂದೆ. ಗೆರೆ ನೀಲಿಯಾಯಿತು.

ಸೊಸೈಟಿಯವರು ನಕ್ಷೆಯನ್ನು ಹೊಸದಾಗಿ ಮಾಡಿಸಿದರು. ಹಳ್ಳಕ್ಕೆ ಅದರ ಜಾಗ ಬಿಟ್ಟು, ರಸ್ತೆಯನ್ನು ದಿಬ್ಬದ ಮೇಲೆ ಒಯ್ದು, ಪ್ಲಾಟುಗಳನ್ನು ಸ್ವಲ್ಪ ಸಣ್ಣದು ಮಾಡಿ ಎಲ್ಲರಿಗೂ ಹೊಂದಿಸಿದರು. ಹಂದರದಲ್ಲಿ ತೂಗುಹಾಕಿದ ದೊಡ್ಡ ನಕ್ಷೆಯನ್ನು ನಾನೇ ಬರೆದುಕೊಟ್ಟೆ, ನೀಲಿ ತುಂಡು ಗೆರೆಯ ಸಮೇತ. ನನ್ನನ್ನು ಆಡಿಕೊಂಡಾಕೆಯೇ ಪೂಜೆಯ ದಿನ ನನಗೆ ಉಡಿ ತುಂಬಿದಳು. ಬಸಲಿಂಗಣ್ಣನ ಮನೆ ಈಗ ಹೆದ್ದಾರಿ ಕಾಣುವ ಎತ್ತರದಲ್ಲಿದೆ.

ಬಿರಾದಾರ ಸಾಹೇಬರು ಈಗ ಇಲ್ಲ. ನಾನೂ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳೇ, ನಿಮಗೆ ನಮಗಿಂತ ಒಳ್ಳೆಯ ಯಂತ್ರಗಳಿವೆ, ಆಕಾಶದಿಂದ ತೆಗೆದ ಚಿತ್ರಗಳಿವೆ. ಖುಷಿಯಿಂದ ಬಳಸಿ. ಬಿಡುವಾದಾಗ ಒಂದು ಭಾನುವಾರ ರೊಟ್ಟಿ ಕಟ್ಟಿಕೊಂಡು ಹೊಳೆಗೂ ಹೋಗಿ ಬನ್ನಿ. ನನಗೆ ಸಂಬಳ ಕೊಟ್ಟು ಈ ಊರು ಕಲಿಸಿದ್ದು ಅದೊಂದೇ. ಆ ಋಣ ದೊಡ್ಡದು.

ಕಾತ್ರಜದ ಘಾಟು ನೀರನ್ನು ಎರಡು ಪಾಲು ಮಾಡುತ್ತದೆ. ಆಚೆ ಬಿದ್ದ ಹನಿ ನೀರಾಕ್ಕೆ, ಈಚೆ ಬಿದ್ದದ್ದು ಮುಠಾಕ್ಕೆ. ಬೇರೆ ಬೇರೆ ದಾರಿ ಸುತ್ತಿ ಎರಡೂ ಭೀಮೆಯಲ್ಲಿ ಮತ್ತೆ ಭೇಟಿಯಾಗುತ್ತವೆ. ಅಲ್ಲಿಂದ ಮುಂದೆ, ನಾನು ಬಾಣ ಹಾಕುತ್ತಿದ್ದ ಕಾಗದದ ಅಂಚು ದಾಟಿದರೆ, ನನ್ನ ತವರು. ಇದನ್ನು ಒಮ್ಮೆ ಬಸಲಿಂಗಣ್ಣನಿಗೆ ಹೇಳಿದ್ದೆ, ಅವನು ಮರೆತಿಲ್ಲ. ಪ್ರತಿ ಮಳೆಗಾಲದಲ್ಲಿ ಹಳ್ಳ ಬಂದ ದಿನ ಅವನ ಫೋನು ಬರುತ್ತದೆ. ಈ ವರ್ಷವೂ ಬಂತು. ಹಿಂದೆ ನೀರಿನ ಸದ್ದು ಕೇಳಿಸುತ್ತಿತ್ತು.

"ವೈನಿ, ಅಂಗಳದಾಗ ನಿಂತೇನ್ರಿ. ಮ್ಯಾಲೆ ರಸ್ತಾದಾಗ ನಮ್ಮೂರ ಬಸ್ಸು ಹೊಂಟೈತಿ, ಕೆಳಗ ಹಳ್ಳದಾಗ ನಿಮ್ಮೂರ ನೀರು ಹೊಂಟೈತಿ. ಏನರ ಹೇಳಿ ಕಳಸೂದಿದ್ರ ಹೇಳ್ರಿ."